ಫ್ಯೂಜು ಕೊಡದ ಮಾಸುಮಬಿ

ಶಹಾಬಾದಿನ ನಾಗೇಂದ್ರಪ್ಪನವರ ಕಲ್ಲು ಪಾಲಿಷ್ ಕಾರಖಾನೆಗೆ ಎಲೆಕ್ಟ್ರಿಕ್ ಮೋಟಾರು ಬಂದದ್ದು ನಿಜಾಮರ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆಯಾಗಿ ಒಂದೆರಡು ವರ್ಷ ಕಳೆದ ಮೇಲೆ. ಅದನ್ನು ನೋಡಿಕೊಳ್ಳಲು ವಾಡಿಯಿಂದ ಸಾಬಣ್ಣನೆಂಬ ಫಿಟರ್ ಬಂದ. ಮೋಟಾರಿಗೆ ಕೈಹಚ್ಚುವ ಮೊದಲು ಅವನು ಮೇನ್ ಸ್ವಿಚ್ಚು ಇಳಿಸಿ, ಫ್ಯೂಜುಗಳನ್ನು ಕಿತ್ತು ಮಾಸುಮಬಿಯ ಕೈಗೆ ಕೊಡುತ್ತಿದ್ದ.

"ನಾನೇ ಬಂದು ಕೇಳೋತನಕ ಯಾರಿಗೂ ಕೊಡಬ್ಯಾಡ."

ಮಾಸುಮಬಿ ಉಜ್ಜುವ ಕಲ್ಲಿನ ಮೇಲೆ ನೀರು ಸುರಿಯುವ ಹೆಂಗಸು. ಗಂಡ ತೀರಿದ ಮೇಲೆ ಭಂಕೂರದಿಂದ ನಡೆದು ಕೆಲಸಕ್ಕೆ ಬರುತ್ತಿದ್ದಳು. ಮಾತು ಕಡಿಮೆ, ಒಪ್ಪಿಕೊಂಡ ಕೆಲಸ ಬಿಟ್ಟು ಕದಲುವವಳಲ್ಲ. ಅದನ್ನು ನೋಡಿಯೇ ಸಾಬಣ್ಣ ಅವಳನ್ನು ಆರಿಸಿದ್ದ.

ಒಂದು ಮಧ್ಯಾಹ್ನ ಮೋಟಾರು ಗುರುಗುಟ್ಟಿ, ಸುಟ್ಟ ವಾಸನೆ ಬಂತು. ಸಾಬಣ್ಣ ಎಂದಿನಂತೆ ಫ್ಯೂಜು ಅವಳಿಗೊಪ್ಪಿಸಿ ಕಲ್ಲುಜ್ಜುವ ಕಬ್ಬಿಣದ ಮೇಜಿನಡಿ ಮೋಟಾರಿದ್ದ ಗುಂಡಿಗೆ ಇಳಿದ. ಕಲ್ಲಿನ ಪುಡಿ ಕೆಸರಾಗಿ ಮೋಟಾರಿಗೆಲ್ಲ ಮೆತ್ತಿಕೊಂಡಿತ್ತು. ಅದನ್ನು ಕೆರೆದು ಒರೆಸಿ, ಚಕ್ರ ತಿರುಗಿಸುವ ಪಟ್ಟಾ ತೆಗೆದು, ಬೇರಿಂಗ್ ಕೈಯಿಂದ ತಿರುಗಿಸಿ ನೋಡುತ್ತ ಕೂತ.

ನಾಗೇಂದ್ರಪ್ಪನವರಿಗೆ ತಡೆಯಲಾಗಲಿಲ್ಲ. ಸ್ಟೇಶನ್ನಿನಲ್ಲಿ ಅವರ ಕಲ್ಲಿಗಾಗಿ ವ್ಯಾಗನ್ ನಿಂತಿತ್ತು.

"ಚಾಲೂ ಮಾಡಿದ್ರ ಏನಾಗ್ಯದ ಅಂತ ಗೊತ್ತಾಗ್ತದ. ಫ್ಯೂಜ್ ಕೊಡು."

"ಕೊಡಂಗಿಲ್ರಿ ಸಾವ್ಕಾರ್ರ. ಸಾಬಣ್ಣ ಬಂದು ಕೇಳಬೇಕು."

"ಕಾರಖಾನಿ ನಂದದ!"

"ನಿಮ್ಮದೇ ಅದರಿ. ಆದ್ರ ಒಳಗ ಮನಷ್ಯಾ ಅದಾನ."

ಅವರು ಸಿಟ್ಟಿನಿಂದ ಆಫೀಸಿಗೆ ಹೋಗಿ, ಅಲಮಾರಿಯಲ್ಲಿದ್ದ ಬೇರೆ ಫ್ಯೂಜು ತಂದರು. ಅಷ್ಟರಲ್ಲಿ ಮಾಸುಮಬಿ ಸ್ವಿಚ್ಚಿನ ಪೆಟ್ಟಿಗೆಯ ಕಟ್ಟಿಗೆ ಬಾಗಿಲು ಮುಚ್ಚಿ, ಅಡ್ಡ ನಿಂತಿದ್ದಳು. ನೀರು ಹೊರುವ ಸೂಗಮ್ಮ ಕೊಡ ಇಳಿಸಿ ಅವಳ ಪಕ್ಕಕ್ಕೆ ಬಂದಳು. ಉಳಿದ ಹೆಂಗಸರೂ ಬಂದರು. ನಾಗೇಂದ್ರಪ್ಪನವರು ಕೆಟ್ಟವರಲ್ಲ, ಹೆಂಗಸರನ್ನು ತಳ್ಳಿ ಹೋಗುವುದು ಅವರಿಂದಾಗಲಿಲ್ಲ.

ಗುಂಡಿಯಿಂದ ಸಾಬಣ್ಣನ ದನಿ ಬಂತು. "ಸಾವ್ಕಾರ್ರ, ಇಲ್ಲಿ ನೋಡ್ ಬರ್ರಿ."

ಅವರು ಬಗ್ಗಿ ನೋಡಿದರು. ಒಂದು ವಯರಿನ ಮೇಲಿನ ರಬ್ಬರು ಸುಟ್ಟು, ತಾಮ್ರ ಮೋಟಾರಿನ ಮೈಗೆ ತಾಗಿತ್ತು. ನೆಲಕ್ಕೆ ಹೋಗುವ ಅರ್ಥ್ ತಂತಿಯೂ ತುಂಡಾಗಿತ್ತು.

"ಚಾಲೂ ಮಾಡಿದ್ರ ನಾನೂ ಹೋಗ್ತಿದ್ದೆ, ಮೇಜು ಮುಟ್ಟಿದವ್ರೂ ಹೋಗ್ತಿದ್ರು."

ನಾಗೇಂದ್ರಪ್ಪನವರು ತೊಯ್ದ ನೆಲವನ್ನೂ ಹೆಂಗಸರ ಬರಿಗಾಲುಗಳನ್ನೂ ನೋಡಿದರು. ಆಮೇಲೆ ತಮ್ಮ ಕೈಯಲ್ಲಿದ್ದ ಫ್ಯೂಜುಗಳನ್ನು ಮಾಸುಮಬಿಗೆ ಚಾಚಿದರು.

"ಇವೂ ನಿನ್ನ ಹಂತ್ಯಾಕೇ ಇರ್ಲವ್ವ. ನಾ ಕೇಳಿದ್ರೂ ಕೊಡಬ್ಯಾಡ."

ಸಾಬಣ್ಣ ವಯರು ಬದಲಿಸಿ, ಅರ್ಥ್ ತಂತಿ ಬಿಗಿದು, ಮಾಸುಮಬಿಯಿಂದ ಫ್ಯೂಜು ಕೇಳಿ ಪಡೆದು, ಎಲ್ಲರನ್ನೂ ಮೇಜಿನಿಂದ ದೂರ ಸರಿಸಿ ಮೋಟಾರು ಚಾಲೂ ಮಾಡುವಷ್ಟರಲ್ಲಿ ಸಂಜೆಯಾಗಿತ್ತು. ವ್ಯಾಗನ್ ಅರ್ಧ ಖಾಲಿಯೇ ಹೋಯಿತು. ನಾಗೇಂದ್ರಪ್ಪನವರು ಆ ಮಾತು ಎತ್ತಲಿಲ್ಲ.

ಮನೆಗೆ ಹೋಗುವಾಗ ಸೂಗಮ್ಮ ಕೇಳಿದಳು, "ಸಾವ್ಕಾರ ಚೀರಿದಾಗ ನಿನಗ ಅಂಜಿಕಿ ಬರಲಿಲ್ಲೇನ?"

"ಬಂತಲ್ಲ, ಭಾಳ ಬಂತು," ಎಂದಳು ಮಾಸುಮಬಿ. "ನೀ ಬಾಜೂಕ ಬಂದು ನಿಂತಿ, ಕಮ್ಮಿ ಆಯ್ತು."