ಕಳುವಿನ ಪಾಲು

ಅಲ್ ಮುರಕ್ಕಬಾತ್‌ನ ಊರು ಬಿಟ್ಟು ದುಡಿಯಲು ಬಂದವರ ಆ ರೂಮಿನಲ್ಲಿ ರಜೆಯ ಶುಕ್ರವಾರವೆಂದರೆ ಕ್ಯಾರಂ. ಬೋರ್ಡಿಗೆ ಉದುರಿಸುವ ಬೋರಿಕ್ ಪುಡಿ ಮಾತ್ರ ಎಂದೂ ಅಂಗಡಿಯಿಂದ ಬಂದದ್ದಲ್ಲ. ಅಣ್ಣಾಸಾಹೇಬ ದುಡಿಯುವ ಫೌಂಡ್ರಿಯಿಂದ ಬರುತ್ತಿತ್ತು.

ಕಬ್ಬಿಣ ಕರಗಿಸುವ ಕುಲುಮೆಗೆ ಒಳಗೋಡೆ ಕಟ್ಟುವುದು ಅವನ ಕೆಲಸ. ಸಿಲಿಕಾ ಪುಡಿಗೆ ಒಂದಿಷ್ಟು ಬೋರಿಕ್ ಬೆರೆಸಿ ಗಟ್ಟಿಯಾಗಿ ಕುಟ್ಟಬೇಕು. ಬೋರಿಕ್ ಕಡಿಮೆಯಾದರೆ ಗೋಡೆ ಕಚ್ಚಿಕೊಳ್ಳದೆ ಉದುರುತ್ತದೆ. ಹೆಚ್ಚಾದರೆ ಕಾವು ತಾಳದೆ ಗಾಜಿನಂತೆ ಮೆತ್ತಗಾಗುತ್ತದೆ. ಗೋಡೆಯಾಚೆ ನೀರು ಹರಿಯುವ ತಾಮ್ರದ ಸುರುಳಿ. ಕರಗಿದ ಕಬ್ಬಿಣ ಆ ನೀರನ್ನು ಮುಟ್ಟಿತೋ, ಕುಲುಮೆ ಸಿಡಿದು ಸುತ್ತ ನಿಂತವರು ಉಳಿಯುವುದಿಲ್ಲ.

ಅವನು ತೂಗಿಟ್ಟ ಬೋರಿಕ್ ಚೀಲದಿಂದ, ಜೊತೆಗೆ ದುಡಿಯುವ ರೂಮಿನ ಹುಡುಗರು ಪ್ರತಿ ಸಲ ಡಬ್ಬಿಗಟ್ಟಲೆ ಕದಿಯುತ್ತಿದ್ದರು. ಬೈದು ಬೈದು ಅವನ ಬಾಯಿ ನೋವಾಯಿತೇ ಹೊರತು ಅವರು ಬಿಡಲಿಲ್ಲ. ಕೊನೆಗೆ ಯಾರಿಗೂ ಹೇಳದೆ, ಕಳುವಿನ ಪಾಲನ್ನೂ ಸೇರಿಸಿಯೇ ತೂಗತೊಡಗಿದ. ಭಾರಿ ಜಾಣತನ ಮಾಡಿದೆನೆಂದು ಮೀಸೆಯಲ್ಲೇ ನಗುತ್ತಿದ್ದ.

ಆ ಮಧ್ಯಾಹ್ನ ಹೊಸ ಗೋಡೆ ಕಟ್ಟಿದ ಕುಲುಮೆಯ ತುಂಬ ಕಬ್ಬಿಣ ಕರಗಿ ನಿಂತಿತ್ತು. ಮೇಲಿನ ಕಟ್ಟೆಯಲ್ಲಿ ಅವನ ತಮ್ಮ ಪ್ರೀತಮ. ವೀಸಾ ಮಾಡಿಸಿ ಅವನನ್ನು ಈ ಕೆಲಸಕ್ಕೆ ಕರೆತಂದವನು ಅಣ್ಣಾಸಾಹೇಬನೇ. ಅವನು ಚಹಾ ಹಿಡಿದು ಮೆಟ್ಟಿಲ ಬಳಿ ಬಂದಾಗ ಪ್ರೀತಮ ಬಗ್ಗಿ ನೋಡಿದ.

“ಅಣ್ಣಾ, ಇನ್ನ ನೀ ಬೈಯೂದು ಬ್ಯಾಡ. ಈ ಸಲ ಯಾರಿಗೂ ಚೀಲ ಮುಟ್ಟಾಕ ಬಿಟ್ಟಿಲ್ಲ.”

“ಯಾರೂ ತಗೊಂಡಿಲ್ಲೇನು?”

“ಇಲ್ಲ. ರೂಮಿನ್ಯಾಗ ಉಳಿದಿದ್ದ ಹಳೇ ಡಬ್ಬಿಗೋಳ್ನೂ ತಂದು ಚೀಲಕ್ಕ ಸುರುವೀನಿ. ನಿನ್ನ ಲೆಕ್ಕ ತಪ್ಪಬಾರ್ದಂತ.”

ಅಣ್ಣಾಸಾಹೇಬ ಚಹಾವನ್ನು ಮೆಟ್ಟಿಲ ಮೇಲಿಟ್ಟು ಮೀಟರಿನತ್ತ ತಿರುಗಿದ. ಹುಟ್ಟಿದಾಗಿನಿಂದ ಈ ತಮ್ಮ ಹೇಳದೆ ಕೇಳದೆ ಮಾಡಿದ ಒಳ್ಳೆಯ ಕೆಲಸ ಇದೊಂದೇ ಇರಬೇಕು. ಕಬ್ಬಿಣ ಗೋಡೆ ದಾಟಿ ಸುರುಳಿಯತ್ತ ಸೋರುವುದನ್ನು ತೋರಿಸುವ ಅದರ ಮುಳ್ಳು ಎಂದಿನ ಜಾಗ ಬಿಟ್ಟು ಮೇಲೇರಿತ್ತು.

“ಕರೆಂಟ್ ತಗಿ. ಕೆಳಗ ಇಳಿ.”

“ಕುಲುಮಿ ಯಾರ್ ಬಗ್ಗಸ್ತಾರ?”

“ನಾ ಬಗ್ಗಸ್ತೀನಿ. ನೀ ಇಳಿ.”

ಹತ್ತಿ ಹೋಗಿ ತಮ್ಮನನ್ನು ಮೆಟ್ಟಿಲಿಗೆ ನೂಕಿದ. ಹಿಡಿಕೆ ಎಳೆದ. ಕುಲುಮೆ ತನ್ನ ಎಂದಿನ ನಿಧಾನದಲ್ಲೇ ಬಾಗತೊಡಗಿತು. ಕಬ್ಬಿಣ ಕೆಳಗಿನ ಹೊಂಡಕ್ಕೆ ಸುರಿದಂತೆಲ್ಲ ಒಳಗೋಡೆ ಕಾಣಿಸಿತು. ಅದು ಹೊಳೆಯುತ್ತಿತ್ತು, ಜೋನಿಬೆಲ್ಲದ ಹಾಗೆ ಜಾರುತ್ತಿತ್ತು.

ಬಾಗಿಲ ಹತ್ತಿರ ನಿಂತು ಪ್ರೀತಮ ಕೇಳಿದ, “ಅಣ್ಣಾ, ನಾ ಏನ್ ತಪ್ಪ್ ಮಾಡೀನಿ?”

“ನೀ ಏನೂ ಮಾಡಿಲ್ಲಪಾ. ಓಡು.”

ಕುಲುಮೆ ಇನ್ನೂ ಅರ್ಧದಷ್ಟೇ ಬಾಗಿತ್ತು. ಅದರ ತಳದಲ್ಲಿ ಎಲ್ಲೋ, ಚಹಾಕ್ಕಿಟ್ಟ ನೀರು ಕಾಯುವಾಗಿನ ಸಣ್ಣ ಸದ್ದು ಶುರುವಾಯಿತು.