ತಿರುವದ ಹಾಳೆ

ರಾಯಚೂರಿನಿಂದ ರೈಲಿನಲ್ಲಿ ಬಂದು ಆದೋನಿಯಲ್ಲಿ ಇಳಿದವರು ಇಬ್ಬರೇ: ಚಂದ್ರಣ್ಣ, ಅವನ ತಾಯಿ ವೀರಬಸಮ್ಮ. ಹೊಳೆಯಾಚೆಯ ನಿಜಾಮರ ಸೀಮೆಯನ್ನು ಇಲ್ಲಿ ಎಲ್ಲರೂ ಮೊಗಲಾಯಿ ಎನ್ನುತ್ತಿದ್ದರು. ಅಕ್ಕನಾಗಮ್ಮನಿಗೆ ಅದು ಅಜ್ಜಿಯ ಕತೆಗಳಲ್ಲಿ ಏಳು ಸಮುದ್ರದಾಚೆ ಇರುತ್ತಿದ್ದ ರಾಜ್ಯ. ಅಲ್ಲಿಂದ ಅವಳನ್ನು ನೋಡಲು ಬಂದವನ ಕೈಯಲ್ಲಿ ಕತ್ತಿಯಿರಲಿಲ್ಲ, ಕೊಡೆಯಿತ್ತು.

ವೀರಬಸಮ್ಮ ಸುತ್ತಿ ಬಳಸಲಿಲ್ಲ. “ನಮ್ಮ ಯಜಮಾನ್ರಿಗೆ ಕಣ್ಣು ಹೋಗ್ಯಾವ್ರಿ. ಸಂಜಿಕ ಪುರಾಣ ಕೇಳದ ಊಟ ಮಾಡಂಗಿಲ್ಲ. ಇವ ಮೆಟ್ರಿಕ್ ಓದ್ಯಾನ, ಖರೆ, ಎಲ್ಲಾ ಉರ್ದುನ್ಯಾಗ. ಮನ್ಯಾಗ ಕನ್ನಡ ಓದೋರ ಇಲ್ಲ. ಓದು ಬರೋ ಸೊಸಿ ಕೊಡ್ರಿ, ಬ್ಯಾರೆ ಏನೂ ಬ್ಯಾಡ.”

ಅಕ್ಕನಾಗಮ್ಮನ ಸೋದರಮಾವ, ಹತ್ತಿ ವ್ಯಾಪಾರಿ ಮರಿಬಸಪ್ಪ, ಮೀಸೆ ಸವರಿದ. “ನಮ್ದು ಇಂಗ್ರೇಜಿ ಸರಕಾರದ ಸಾಲಿ ಬೀಗ್ರ! ಮೂರನೇ ಕ್ಲಾಸು ಪಾಸಾಗ್ಯಾಳ. ಇನ್ಸ್‌ಪೆಕ್ಟರು ಬಂದು ಶಹಬ್ಬಾಸ್ ಅಂದು ಹೋಗ್ಯಾನ.”

ಆ ಶಾಲೆಯಲ್ಲಿ ಪಾಠವೆಂದರೆ ಮೇಷ್ಟರು ಹೇಳುವುದು, ಹುಡುಗಿಯರು ಒಟ್ಟಾಗಿ ಕೂಗುವುದು. ಒಮ್ಮೆ ಕೇಳಿದ್ದನ್ನು ಮರೆಯದ ಅಕ್ಕನಾಗಮ್ಮ ಪುಸ್ತಕ ಹಿಡಿದು ನಿಂತು ಇಡೀ ಪಾಠ ಒಪ್ಪಿಸಿಬಿಡುತ್ತಿದ್ದಳು. ಅಕ್ಷರಗಳ ಗೊಡವೆ ಅವಳಿಗೆ ಬೇಕಾಗಲೇ ಇಲ್ಲ. ಯಾರೂ ಕೇಳಲೂ ಇಲ್ಲ.

ಮಾವ ಪುರಾಣ ತಂದು ಅವಳ ಮುಂದಿಟ್ಟ. ಅದೂ ಅಜ್ಜಿ ಕೊಟ್ರಮ್ಮನ ಬಾಯಿಂದ ಕೇಳಿ ಕೇಳಿ ಅವಳಿಗೆ ಬಾಯಿಪಾಠ. ಅವಳು ತಲೆ ಬಗ್ಗಿಸಿ ಶುರುಮಾಡಿದಳು. ಕೊಟ್ರಮ್ಮ ಕಣ್ಣು ಮುಚ್ಚಿ ತಲೆದೂಗಿದಳು. ವೀರಬಸಮ್ಮನ ಕಣ್ಣಲ್ಲಿ ನೀರಾಡಿತು. ಅಕ್ಕನಾಗಮ್ಮ ಕತೆಯೊಳಗೆ ಎಷ್ಟು ದೂರ ಹೋಗಿದ್ದಳೆಂದರೆ, ಅಧ್ಯಾಯ ಮುಗಿದಾಗಲೂ ಪುಸ್ತಕದ ಮೊದಲ ಪುಟವೇ ತೆರೆದಿತ್ತು. ಒಂದು ಹಾಳೆಯನ್ನೂ ಅವಳು ತಿರುವಿರಲಿಲ್ಲ. ಬೆಚ್ಚಿ ತಲೆಯೆತ್ತಿದರೆ ಚಂದ್ರಣ್ಣ ಆ ಪುಟವನ್ನೇ ನೋಡುತ್ತಿದ್ದ.

“ನೋಡಿದ್ರಾ?” ಎಂದ ಮಾವ. ಅಷ್ಟಕ್ಕೇ ಬಿಡದೆ ಪುಸ್ತಕವನ್ನು ಮಡಚಿ ಹುಡುಗನ ಕೈಗಿತ್ತ. “ಮೆಟ್ರಿಕ್ ಸಾಹೇಬ್ರು ಒಂದೆರಡು ಸಾಲು ಓದ್ರಿ, ಕೇಳೂಣು.”

ಚಂದ್ರಣ್ಣ ಗಾಬರಿಯಲ್ಲಿ ಪುಸ್ತಕವನ್ನು ಹಿಂದಿನ ರಟ್ಟಿನಿಂದ ತೆರೆದ.

“ಯಪ್ಪಾ! ಮೊಗಲಾಯ್ಯಾಗ ಮಂಗಳಾರತಿ ಮೊದಲ ಮಾಡ್ತಾರೇನ್ರಿ?” ಮಾವ ತೊಡೆ ತಟ್ಟಿಕೊಂಡು ನಕ್ಕ. ಕೊಟ್ರಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಆ ನಗುವಿನಲ್ಲಿ, ತಡೆಯುವ ಮೊದಲೇ, ಅಕ್ಕನಾಗಮ್ಮನದೂ ಸೇರಿತು. ವೀರಬಸಮ್ಮ ನೆಲ ನೋಡಿದಳು.

“ಉರ್ದು ಪುಸ್ತಕ ಈ ಕಡಿಂದನ ತೆಗೀತೀವ್ರಿ. ಕೈ ಹಂಗ ಹೋತು,” ಎಂದ ಚಂದ್ರಣ್ಣ. ಕಿವಿ ಕೆಂಪಾಗಿದ್ದವು. ಅಕ್ಕನಾಗಮ್ಮನ ಕಡೆ ಮಾತ್ರ ಅವನು ನೋಡಲಿಲ್ಲ.

ಮಾವನ ನಗು ನಿಲ್ಲಲಿಲ್ಲ. ಅವಳದು ನಿಂತಿತು.

“ನಗಬ್ಯಾಡ ಮಾವ. ನನಗೂ ಓದಾಕ ಬರಂಗಿಲ್ಲ.”

“ಏನಂದಿ?”

“ಹೇಳಿದ್ದು ಅಜ್ಜಿ ಕಲಿಸಿದ್ದು. ಪುಸ್ತಕದಾಗಿಂದಲ್ಲ.”

“ಮತ್ತ ಮೂರು ಕ್ಲಾಸು?”

“ಅದೂ ಹಂಗ.”

ಮರಿಬಸಪ್ಪ ಅವಳತ್ತ ಕೈಯೆತ್ತಿದ. ಚಂದ್ರಣ್ಣ ಎದ್ದು ನಿಂತ. “ಬಿಡ್ರಿ. ಫಾರಸಿ ನಾನೂ ಹಂಗ ಪಾಸಾಗಿದ್ದು. ಹಾಳಿ ತಿರುವಲಿಲ್ಲಲ್ಲ, ಆವಾಗ ಗೊತ್ತಾತು ನನಗ.”

ವೀರಬಸಮ್ಮನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. “ಬಾಯಿ ಚಂದೈತಿ ನಿಂದು, ಮಗಳ. ಆದ್ರ ನಮ್ಮ ಯಜಮಾನ್ರು ದಿನಾ ಹೊಸಾದು ಕೇಳ್ತಾರ,” ಎಂದಳು. ಆಮೇಲೆ ಮಾವನ ಕಡೆ ತಿರುಗಿ, “ಹೇಳಿ ಕಳಸ್ತೀವ್ರಿ.”

ಹಾಗೆಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು.

“ಕುಂಕುಮ ಕೊಡು ಬಾ,” ಎಂದು ಕೊಟ್ರಮ್ಮ ಸಣ್ಣ ದನಿಯಲ್ಲಿ ಕರೆದಳು. ಅಕ್ಕನಾಗಮ್ಮ ಭರಣಿ ಹಿಡಿದು ಹೊಸ್ತಿಲಿಗೆ ಬಂದಳು. ಅವಳಿಗೆ ಓದು ಬಾರದೆಂದು ಚಂದ್ರಣ್ಣನಿಗೆ ಮೊದಲೇ ಗೊತ್ತಿತ್ತು. ಎಲ್ಲರೂ ನಗುವಾಗ ಒಂದೇ ಮಾತಿನಲ್ಲಿ ಆ ನಗುವನ್ನು ಅವಳ ಕಡೆ ತಿರುಗಿಸಬಹುದಿತ್ತು, ತಿರುಗಿಸಿರಲಿಲ್ಲ. ಅವಳು ನಕ್ಕಿದ್ದಳು. ವೀರಬಸಮ್ಮ ಹಣೆಯೊಡ್ಡಿದಳು. ತಲೆ ಬಗ್ಗಿಸಿಯೇ ಹಚ್ಚಿದ ಕುಂಕುಮ ಆಕೆಯ ಮೂಗಿನ ಮೇಲೆ ಉದುರಿತು. ಒರೆಸಲು ತಲೆಯೆತ್ತಿದರೆ ಹಿಂದೆ ನಿಂತ ಅವನು ಕಾಣುತ್ತಾನೆ. ಅವಳು ತಲೆಯೆತ್ತಲಿಲ್ಲ.