ಬಾಗಿಲಿಗೂ ಟೀವಿಗೂ ನಡುವೆ

ಮಾಗ್ದಾ ಬೆಳಗಿನಿಂದ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಬಾಗಿಲಿಗೆ ಹೋಗಿ ಬೀದಿ ಇಣುಕುವಳು, ಮತ್ತೆ ಬಂದು ಟೀವಿ ಮುಂದೆ ನಿಲ್ಲುವಳು. ಸೈಕಲ್ ರೇಸು ಅವಳ ಮನೆ ಮುಂದೆಯೇ ಹಾಯ್ದು ಹೋಗುವುದಿತ್ತು. ಅದರಲ್ಲಿ ಮಗ ಯೆಲ್ಲೆ ಇದ್ದ.

ಹಿಂದೊಮ್ಮೆ ಅವನು ಬಿದ್ದು ಭುಜದ ಮೂಳೆ ಮುರಿದುಕೊಂಡಾಗ, ಸೈಕಲ್ ಬಿಡು ಇಲ್ಲಾ ನನ್ನನ್ನು ಬಿಡು ಎಂದು ಮಾಗ್ದಾ ಹಟ ಹಿಡಿದಿದ್ದಳು. ಅವನು ಸೈಕಲ್ ಬಿಡಲಿಲ್ಲ. ಅಂದಿನಿಂದ ರೇಸು ಬಂದಾಗಲೆಲ್ಲ ಇವಳು ಪರದೆ ಎಳೆದು ಒಳಗೇ ಕೂರುತ್ತಿದ್ದಳು. ಹೋದ ವಾರ ಮಗ ಫೋನ್ ಮಾಡಿದ್ದ.

"ಮುಂದಿನ ವಾರದ್ದು ನನ್ನ ಕೊನೇ ರೇಸಮ್ಮ. ಇವತ್ತಿನವರೆಗೂ ಆಗಿದ್ದು ಆಯ್ತು, ಬಾಗಿಲಲ್ಲಿ ನಿಂತಿರು. ಇಲ್ದಿದ್ರೆ ಇನ್ಮೇಲೆ ನಾನೂ ಆ ಬಾಗಿಲು ತಟ್ಟಲ್ಲ."

"ನಿಂತಿರ್ತೀನಿ ಕಣೋ," ಅಂದಿದ್ದಳು.

"ಈಗ್ಲೇ ಹೊರಗೆ ನಿಂತು ಏನ್ ನೋಡ್ತೀಯೆ, ಎದುರುಮನೆ ಗೋಡೆನಾ?" ಇವತ್ತು ಮತ್ತೆ ಬಾಗಿಲಿಗೆ ಹೊರಟವಳಿಗೆ ಅಂದ ಗಂಡ ಓಡಿಲ್. ಕೇಬಲ್ಲಿನವರು ಹೊಸ ಡಿಜಿಟಲ್ ಡಬ್ಬಿ ಕೂರಿಸಿ ಹೋದ ಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಮಂಗನ ಕೈಗೆ ಮಾಣಿಕ್ಯ ಸಿಕ್ಕಿತ್ತು. ನೂರಾರು ಚಾನೆಲ್ಲು, ಒಂದನ್ನಾದರೂ ಪೂರ್ತಿ ನೋಡಿದವನಲ್ಲ, ಸಂಜೆಯೆಲ್ಲ ಗುಂಡಿ ಒತ್ತುವುದೇ ಕೆಲಸ. ಮಾಗ್ದಾಗೆ ಅದನ್ನು ಕಂಡರೆ ಮೈಯೆಲ್ಲ ಉರಿ. ಇವತ್ತು ಮಾತ್ರ ಅವಳಿಗೂ ಕಣ್ಣು ಕೀಳಲಾಗಲಿಲ್ಲ. ಎಲ್ಲರಿಗಿಂತ ಮುಂದೆ ಒಬ್ಬನೇ ಬರುತ್ತಿದ್ದ ಮಗನ ಕೆನ್ನೆಯ ಕೆಸರು ಕೂಡ ಕಾಣುತ್ತಿತ್ತು. ಬಿದ್ದಿಲ್ಲ, ಇನ್ನೂ ಬಿದ್ದಿಲ್ಲ ಎಂದು ನೋಡುತ್ತಲೇ ಇರಬೇಕೆನಿಸಿತು.

ಫ್ಲಾಂಡರ್ಸ್ ಸೀಮೆಯ ಆ ಊರಲ್ಲಿ ಎಲ್ಲರ ಲೆಕ್ಕ ಒಂದೇ. ಟೀವಿಯಲ್ಲಿ ಸವಾರ ಚರ್ಚಿನ ತಿರುವಿಗೆ ಬಂದಾಗ ಎದ್ದರೆ ಸಾಕು, ಕಾಫಿ ಬಟ್ಟಲು ಹಿಡಿದೇ ಬಾಗಿಲಿಗೆ ಹೋಗಬಹುದು. ಅವಳ ಅಪ್ಪನ ಕಾಲದಿಂದಲೂ ಈ ಲೆಕ್ಕ ತಪ್ಪಿದ್ದಿಲ್ಲ.

ಹೊರಗೆ ಗದ್ದಲ ಎದ್ದಿತು. ಮಾಗ್ದಾ ಬೆಚ್ಚಿದಳು. "ಬಂದ್ನಾ?"

"ರೇಸಿಗೆ ಮುಂಚೆ ಬರೋ ಜಾಹೀರಾತಿನ ಕಾರುಗಳು ಕಣೇ. ಪುಕ್ಕಟೆ ಟೋಪಿ ಎಸೀತಾರೆ, ಅದಕ್ಕೆ ಕೂಗ್ತಾರೆ ಜನ. ನಿನ್ ಮಗ ಇನ್ನೂ ಗಾಳಿಗಿರಣಿ ಹತ್ರ ಇದಾನೆ, ನೋಡಿಲ್ಲಿ."

ಹೌದು, ಗಿರಣಿಯ ಹತ್ತಿರವೇ ಇದ್ದ. ಕಣ್ಣಾರೆ ಕಂಡ ಮೇಲೆ ಅನುಮಾನವೇನು? ಚರ್ಚಿನ ತಿರುವು ಬಂದದ್ದೇ ಮಾಗ್ದಾ ಓಡಿಹೋಗಿ ಬಾಗಿಲು ತೆರೆದಳು.

ಮಗ ಇರಲಿಲ್ಲ. ಅವನ ಬೆನ್ನಿಗೇ ಹೋಗುವ ತಂಡದ ಕಾರು ಬೀದಿಯ ಆ ತುದಿಯಲ್ಲಿ ತಿರುಗಿ ಮರೆಯಾಗುತ್ತಿತ್ತು.

ಅವಳಿಗೆ ಏನೂ ತಿಳಿಯಲಿಲ್ಲ. ಹಿಂದಿರುಗಿ ನೋಡಿದಳು. ಟೀವಿಯಲ್ಲಿ ಈಗ ಅವಳದೇ ಬೀದಿ, ಅವಳದೇ ಮನೆ, ಮುಚ್ಚಿದ ಬಾಗಿಲು. ಯೆಲ್ಲೆ ಆ ಕಡೆ ಕತ್ತು ತಿರುಗಿಸಿದ. ದಾಟಿದ ಮೇಲೂ ಒಮ್ಮೆ ತಿರುಗಿ ನೋಡಿ, ತಲೆ ತಗ್ಗಿಸಿ ತುಳಿದುಕೊಂಡು ಹೋದ.

"ಎಲ್ಲಿ ಹೋಗಿದ್ಯೇ ಮಾರಾಯ್ತಿ?" ಪಕ್ಕದ ಮನೆಯ ಸಿಮೋನ ಕೇಳಿದಳು. "ಅಷ್ಟೊಂದು ಕೂಗಿದ್ವಿ."

"ಟೀವೀಲಿ ಆಗಿನ್ನೂ ಬಂದಿರ್ಲಿಲ್ಲ."

"ಅಯ್ಯೋ, ಹೊಸ ಡಬ್ಬಿ ನಡೆದಿದ್ದನ್ನ ಸ್ವಲ್ಪ ತಡವಾಗಿ ತೋರ್ಸುತ್ತೆ. ನನ್ ಮಗಳ ಮನೇಲೂ ಅದೇ ಗೋಳು. ನಿಂಗ್ಯಾರೂ ಹೇಳ್ಲಿಲ್ವಾ?"

ಮಾಗ್ದಾ ಹೊಸಿಲ ಮೇಲೇ ಕೂತಳು. ಓಡಿಲ್ ರಿಮೋಟು ಹಿಡಿದುಕೊಂಡು ಬಂದ, ಮುಖ ಸಪ್ಪಗಾಗಿತ್ತು.

"ಇದ್ರಲ್ಲಿ ಹಿಂದಕ್ಕೆ ತಿರುಗಿಸಿ ಇನ್ನೊಂದ್ಸಲ ನೋಡ್ಬಹುದು ಕಣೇ. ಹಾಕ್ಲಾ?"

"ಹಾಕು," ಅಂದಳು ಮಾಗ್ದಾ. "ಈ ಸಲನಾದ್ರೂ ಆ ಹೆಂಗಸು ಬಾಗಿಲು ತೆಗೀತಾಳಾ ನೋಡೋಣ."